ಯಾರ ಪೈಕಿ?

“ಮತ್ತೆ, ನಿಮ್ಮ ಮನೆತನ?” ಎಂದು ರಾಜಕುಮಾರ ಇಂಗ್ಲಿಷಿನಲ್ಲಿ ಕೇಳಿದಾಗ ಜಯಸಿಂಹ ಟೈ ಸರಿಮಾಡಿಕೊಂಡ.

ಎಪ್ಪತ್ತಾರನೆಯ ಇಸವಿ. ಯುರೋಪಿನ ಯಾವುದೋ ಸಣ್ಣ ರಾಜ್ಯದ ಕಿರಿಯ ರಾಜಕುಮಾರ ಪೀಣ್ಯದ ಲೇತ್ ಕಾರ್ಖಾನೆ ನೋಡಲು ಬಂದಿದ್ದ. ಸ್ವಾಗತ ಭಾಷಣ ಇಂಜಿನಿಯರ್ ಜಯಸಿಂಹನ ಪಾಲಿಗೆ ಬಂದಿತ್ತು. ಅತಿಥಿಯ ವಂಶದಲ್ಲಿ ಯಾವ ಡ್ಯೂಕನ ಮಗಳು ಯಾವ ದೊರೆಯ ಕೈ ಹಿಡಿದಳು, ಯಾವ ಕೂಸು ತೊಟ್ಟಿಲಲ್ಲೇ ಸತ್ತು ಕಿರೀಟ ಯಾರ ಪಾಲಾಯಿತು, ಎಲ್ಲವನ್ನೂ ಅವನು ಬಾಯಿಪಾಠ ಮಾಡಿ ಒಪ್ಪಿಸಿದ್ದ. ರಾಜಕುಮಾರ ಆಕಳಿಕೆ ನುಂಗಿದ್ದ.

“ಬೇಗೂರಿನ ಪಾಳೆಯಗಾರರು,” ಎಂದುಬಿಟ್ಟ ಜಯಸಿಂಹ. ಸುಳ್ಳು ಅಷ್ಟು ಸಲೀಸಾಗಿ ಬಂದದ್ದಕ್ಕೆ ಅವನಿಗೇ ಹೆದರಿಕೆಯಾಯಿತು.

“ಹೇಳ್ಲೇ ಇಲ್ವಲ್ಲ ಗುರು!” ಸಹೋದ್ಯೋಗಿ ರಾಮಪ್ರಸಾದ ಬೆನ್ನು ತಟ್ಟಿದ.

ಮಧ್ಯಾಹ್ನವೇ ಮನೆಗೆ ಬಂದು ತಾಯಿಯನ್ನು ಕೇಳಿದ. “ಅಪ್ಪನ ಊರು ಯಾವುದಮ್ಮಾ?”

ಅಮ್ಮಣ್ಣಿ ಅವರೆಕಾಯಿ ಸುಲಿಯುತ್ತಿದ್ದಳು. “ಯಾಕೆ ಈಗ?”

“ತಾತ ಎಲ್ಲಿಯವರು?”

“ಹೋದೋರನ್ನ ಕೆದಕ್ಬಾರ್ದು ಕಣೋ.”

“ಹೇಳಮ್ಮ.”

ಅವಳು ಮೊರವನ್ನು ಪಕ್ಕಕ್ಕಿಟ್ಟಳು. “ನೀನು ತಾತ ಅಂದ್ಕೊಂಡಿರೋರು ಸಾಕಿದೋರು. ಪ್ಲೇಗು ಬಂದಾಗ ಮಾಕಳಿ ಹತ್ರ ಊರು ಬಿಟ್ಟು ಹಾಕ್ಕೊಂಡಿದ್ದ ಗುಡಿಸಲುಗಳಲ್ಲಿ ಎಲ್ಲಾರೂ ಸತ್ತು ಬಿದ್ದಿದ್ರಂತೆ. ಒಂದು ಕೂಸು ಮಾತ್ರ ಅಳ್ತಿತ್ತಂತೆ. ಅದು ನಿಮ್ಮಪ್ಪ. ಯಾರದ್ದು, ಯಾವ ಜಾತಿ, ಹೇಳೋಕೆ ಅಲ್ಲಿ ಒಬ್ರೂ ಉಳಿದಿರ್ಲಿಲ್ಲ.”

“ಅಪ್ಪನಿಗೆ ಗೊತ್ತಿತ್ತಾ?”

“ಊಟ ಮಾಡ್ತೀಯಾ?” ಎಂದಳು ಅಮ್ಮಣ್ಣಿ.

ಅವನಿಗೆ ಹಸಿವಿರಲಿಲ್ಲ. ಬೆನ್ನಿಗಂಟಿದ ಜನಿವಾರ ಯಾರದೋ ಬಟ್ಟೆಯಂತೆ ಕಡಿಯತೊಡಗಿತು. ಇಷ್ಟು ವರ್ಷ ತಾತನ ಹೆಸರಿನಲ್ಲಿ ಇಟ್ಟ ಪಿಂಡವನ್ನು ಉಂಡವರು ಯಾರು? ಹಸಿದು ಕೂತವರು ಯಾರು?

ಸಂಜೆ ಬಿಸಿಲಿರುವಾಗಲೇ ಮಾಕಳಿಯಲ್ಲಿ ಬಸ್ಸಿಳಿದ. ಹೊಲಗಳನ್ನೆಲ್ಲ ಕಾರ್ಖಾನೆಗಳ ಕಾಂಪೌಂಡು ನುಂಗಿತ್ತು. ಒಂದು ಮನೆಯ ಜಗುಲಿಯ ಮೇಲೆ ಒಬ್ಬ ಹಣ್ಣು ಹಣ್ಣು ಮುದುಕಿ ಕೂತಿದ್ದಳು. ಹೆಸರು ಚಿಕ್ಕಮುನಿಯಮ್ಮ ಅಂತೆ. ಎರಡು ಕಣ್ಣಿಗೂ ಪೊರೆ.

“ಯಾರ ಪೈಕೀನಪ್ಪಾ ನೀನು?”

“ಗೊತ್ತಿಲ್ಲ,” ಎಂದ. ತನ್ನ ಬಗ್ಗೆ ಆ ದಿನ ಅವನಾಡಿದ ಮೊದಲ ನಿಜ. “ಪ್ಲೇಗಿನ ಗುಡಿಸಲು ಎಲ್ಲಿದ್ವಜ್ಜಿ?”

ಅವಳು ದನಿ ಬಂದತ್ತ ಕೈ ಚಾಚಿದಳು. “ಅತ್ರ ಬಾ. ಇಂಗೆ ಬಗ್ಗು,” ಎಂದಳು.

ಒರಟು ಬೆರಳುಗಳು ಅವನ ಮುಖದ ಮೇಲೆ ಹರಿದಾಡಿದವು.

“ಮೂಗು ನಮ್ಮ ಆವಲಪ್ಪಂದು... ಕಿವಿ ಮಾರಕ್ಕಂದು ಕಣಪ್ಪ. ಗದ್ದ ನೋಡು, ಅನುಮಯ್ಯಂದೇ! ಎಲ್ಲಾ ಒಂದೇ ವಾರದಾಗೆ ಸತ್ತೋದ್ರು.”

“ಇವರಲ್ಲಿ ನನ್ನೋರು ಯಾರಜ್ಜಿ?”

ಅವಳ ಬೆರಳು ಹುಬ್ಬಿನ ಮೇಲೆ ನಿಂತು ಇನ್ನೊಂದು ಹೆಸರಿಗೆ ತಡಕಾಡುತ್ತಿತ್ತು. ಪೀಣ್ಯದ ಕಡೆಗೆ ಹಿಂದಿರುಗುವ ಬಸ್ಸು ಹಾರನ್ ಮಾಡಿ ಹೊರಟುಹೋಯಿತು. ಜಯಸಿಂಹ ಕಣ್ಣು ಮುಚ್ಚಿ, ಬಗ್ಗಿದ ಮುಖವನ್ನು ಎತ್ತದೆ, ಸತ್ತವರಲ್ಲಿ ಒಬ್ಬೊಬ್ಬರಿಗೂ ಅದರ ಮೇಲೆ ಜಾಗ ಬಿಡುತ್ತ ನಿಂತ.