ಮನಾಸೆಯ ಅಕ್ಕ ನಡೆಯುವ ಹಾಗಿಲ್ಲ

ಆ ದಿನವೂ ಅಷ್ಟೇ. ಕಲೊಲಿನೆ ಮರಗೆಣಸಿನ ತೋಟದ ತಿರುವು ದಾಟುವುದರೊಳಗೆ ಗಾಡಿಯೊಂದು ಬಂದು ಪಕ್ಕದಲ್ಲಿ ನಿಂತಿತು. ಬೇರೆ ಯಾರಾದರೂ ಆಗಿದ್ದರೆ ಬೈದು ಅಟ್ಟುತ್ತಿದ್ದಳು. ಇದು ಪಾದ್ರಿಗಳ ಗಾಡಿ. ಪಾದ್ರಿಗಳನ್ನು ಬೈಯುವುದು ಹೇಗೆ?

“ಏನಮ್ಮಾ, ಈ ಬಿಸಿಲಲ್ಲಿ ಹೊರಟುಬಿಟ್ರಿ? ಹತ್ತಿ, ಹತ್ತಿ. ಎಲ್ಲಿಗೆ ಬಿಡ್ಲಿ?”

“ಎಲ್ಲಿಗೂ ಬೇಡ ಪಾದ್ರಿಗಳೇ. ಸುಮ್ನೆ ನಡೀತಿದೀನಿ.”

“ಸುಮ್ನೆ ಅಂದ್ರೆ?”

“ನಡೆಯೋಕೆ ಅಂತ್ಲೇ ನಡೀತಿದೀನಿ.”

ಪಾದ್ರಿಗಳು ಅವಳ ಮುಖವನ್ನೇ ನೋಡಿದರು. ಆಮೇಲೆ ದನಿ ತಗ್ಗಿಸಿ, “ತಮ್ಮ ಮನಾಸೆ ಜೊತೆ ಏನಾದ್ರೂ ಮಾತು ಬಂತಾ?” ಎಂದರು.

ಇನ್ನೇನು ಮಾಡುತ್ತಾಳೆ? ಹತ್ತಿ ಕೂತಳು. ಹತ್ತದಿದ್ದರೆ ಸಂಜೆಯೊಳಗೆ ಊರೆಲ್ಲ ಸುದ್ದಿ: ಮನಾಸೆ ಅಕ್ಕನನ್ನು ಗಾಡಿಗೂ ಗತಿಯಿಲ್ಲದ ಹಾಗೆ ಮಾಡಿದ್ದಾನೆ, ಪಾಪ, ಆ ವಯಸ್ಸಿನಲ್ಲಿ ಕಾಲೆಳೆದುಕೊಂಡು ಹೋಗುತ್ತಿದ್ದಾಳೆ. ಟೊಂಗಾದಲ್ಲಿ ಮನೆಗೆ ಹಿರಿಯಳಾದ ಅಕ್ಕನೆಂದರೆ ಕಡಿಮೆ ಅಲ್ಲ. ತಮ್ಮನ ಮಕ್ಕಳ ಮದುವೆಯಲ್ಲಿ ಚಾಪೆಯ ಮೇಲೆ ಮೊದಲು ಕೂರುವವಳು ಅವಳು, ಔತಣದಲ್ಲಿ ಮೊದಲ ತುತ್ತು ಅವಳದು. ಅಂಥವಳು ಚಪ್ಪಲಿ ಬಡಿಯುತ್ತಾ ರಸ್ತೆ ಬದಿಯಲ್ಲಿ ನಡೆದರೆ ಮಾನ ಹೋಗುವುದು ತಮ್ಮನದು. ಹಾಳಾಗಲಿ ಈ ಮಾನ, ಎಂದುಕೊಂಡು ಕಲೊಲಿನೆ ಕಿಟಕಿಯ ಕಡೆ ಮುಖ ತಿರುಗಿಸಿದಳು. ನೂರು ಮಾರು ನಡೆದಿರಲಿಲ್ಲ.

ನಡೆಯದೆ ಅವಳಿಗೆ ಉಳಿಗಾಲವಿರಲಿಲ್ಲ. ರಾಜಧಾನಿ ನುಕುಅಲೋಫಾದ ಆಸ್ಪತ್ರೆಯಲ್ಲಿ ಡಾಕ್ಟರ್ ಲತಾಯಿ ಮುಚ್ಚುಮರೆ ಇಲ್ಲದೆ ಹೇಳಿದ್ದಳು. ಗರ್ಭಕೋಶದಲ್ಲಿ ಕ್ಯಾನ್ಸರ್. ಈಗಿನ್ನೂ ಒಳಗೇ ಇದೆ, ತೆಗೆದುಹಾಕಿದರೆ ಬದುಕುತ್ತೀರಿ. ತೆಗೆಯುವವರು ಹೊರದೇಶದಿಂದ ವರ್ಷಕ್ಕೊಮ್ಮೆ ಬರುವ ಡಾಕ್ಟರುಗಳು, ಚಳಿಗಾಲ ಕಳೆದ ಮೇಲೆ ಬರುತ್ತಾರೆ. ಆದರೆ ಈ ಸಕ್ಕರೆ, ಈ ಏದುಸಿರು, ಈ ಭಾರ ಹೀಗೇ ಇದ್ದರೆ ಅವರು ಅರಿವಳಿಕೆ ಕೊಡುವುದಿಲ್ಲ. ಕೊಟ್ಟರೆ ಮೇಜಿನ ಮೇಲೇ ಹೋಗಿಬಿಡುತ್ತೀರಿ.

“ನಮ್ಮಮ್ಮ ನನಗಿಂತ ದಪ್ಪ ಇದ್ಲು ಕಣಮ್ಮಾ,” ಎಂದಿದ್ದಳು ಕಲೊಲಿನೆ. “ಎಂಬತ್ತು ದಾಟಿ ಸತ್ಲು.”

“ಅವರು ತೋಟಕ್ಕೆ ನಡ್ಕೊಂಡು ಹೋಗ್ತಿದ್ರಾ?”

“ಮತ್ತೆ? ಗೆಡ್ಡೆ ಬುಟ್ಟಿ ಬೆನ್ನ ಮೇಲೆ ಹೊತ್ಕೊಂಡು ಬರ್ತಿದ್ಲು.”

“ನೀವು?”

ಗಂಡ ಸತ್ತು ತಮ್ಮನ ಅಂಗಳದ ಮನೆಗೆ ಬಂದ ಮೇಲೆ ಕಲೊಲಿನೆ ಮಾಡಿದ್ದೆಂದರೆ ಕೂತು ಚಾಪೆ ಹೆಣೆದದ್ದು, ತಮ್ಮ ಕಳಿಸಿದ್ದನ್ನು ತಿಂದದ್ದು.

“ಮೈಯಲ್ಲಿರೋ ಕೊಬ್ಬು ಈ ಕಾಯಿಲೆಗೆ ಮೇವು ಹಾಕುತ್ತೆ ಅಮ್ಮಾ. ಅದೊಂದೇ ಕಾರಣ ಅಂತ ಅಲ್ಲ, ತೆಳ್ಳಗಿರೋರಿಗೂ ಬರುತ್ತೆ. ಆದ್ರೆ ನಡೆದ್ರೆ ಸಕ್ಕರೆ ಇಳಿಯುತ್ತೆ, ಏದುಸಿರು ಕಮ್ಮಿ ಆಗುತ್ತೆ, ಕೊಯ್ದ ಮೇಲೆ ಬೇಗ ಎದ್ದು ಕೂರ್ತೀರಿ. ದಿನಾ ನಡೀರಿ. ಡಬ್ಬಿ ಮಾಂಸ, ಕುರಿ ಕೊಬ್ಬು ಬಿಡಿ. ನಿಮ್ಮ ತಮ್ಮನಿಗೆ ನಾನೇ ಹೇಳ್ಲಾ?”

“ಬಾಯ್ಮುಚ್ಚೇ ತಾಯಿ!”

ಲತಾಯಿ ಬಾಯಿ ಮುಚ್ಚಿದಳು. ಅವಳೂ ಈ ಮಣ್ಣಿನ ಹುಡುಗಿಯೇ. ದೊಡ್ಡವರಾದ ಮೇಲೆ ಅಕ್ಕ ತಮ್ಮಂದಿರು ಒಂದು ಸೂರಿನಡಿ ಮಲಗುವುದಿಲ್ಲ, ಒಬ್ಬರನ್ನೊಬ್ಬರು ಮುಟ್ಟುವುದಿಲ್ಲ, ಮೈಯ ಮಾತನ್ನು ಒಬ್ಬರೆದುರು ಒಬ್ಬರು ಎತ್ತುವುದಿಲ್ಲ, ಬೇರೆಯವರು ಎತ್ತಿದರೂ ಎದ್ದು ಹೋಗುತ್ತಾರೆ. ಅಂಥದ್ದರಲ್ಲಿ ಗರ್ಭಕೋಶ! ಅದಕ್ಕಿಂತ ಸಾಯುವುದೇ ವಾಸಿ ಅನ್ನುವ ಹೆಂಗಸರನ್ನು ಆ ಡಾಕ್ಟರು ಬೇಕಾದಷ್ಟು ಕಂಡಿದ್ದಳು.

ವಿಷಯ ಗೊತ್ತಿದ್ದದ್ದು ಮನಾಸೆಯ ಹೆಂಡತಿ ವೀಕಾಗೆ ಮಾತ್ರ. ಅವಳ ಬಾಯಿಯನ್ನೂ ಕಲೊಲಿನೆ ಕಟ್ಟಿಹಾಕಿದ್ದಳು. “ನಿನ್ನ ಗಂಡನ ಕಿವಿಗೆ ಬಿತ್ತೋ, ನನ್ನ ಹೆಣ ನೋಡ್ತೀಯ.” ವೀಕಾ ಗಂಡನಿಗೆ ಇಷ್ಟು ಮಾತ್ರ ಹೇಳಿದಳು: ಅತ್ತಿಗೆಗೆ ಹುಷಾರಿಲ್ಲ, ಡಾಕ್ಟರು ನಡೆಯೋಕೆ ಹೇಳಿದ್ದಾರೆ.

ಮನಾಸೆ ನಕ್ಕುಬಿಟ್ಟ. “ಹುಷಾರಿಲ್ದೋರು ಮಲಗ್ತಾರೋ, ನಡೀತಾರೋ? ಆ ಹುಡುಗಿ ಓದಿದ್ದು ಹೊರದೇಶದಲ್ಲಿ. ಅಲ್ಲಿ ಹಾಗೇ, ಕೇಳೋರಿಲ್ಲದೋರು ನಡೀತಾರೆ. ನಮ್ಮಕ್ಕನಿಗೇನು ಗತಿ?” ಎಂದವನೇ ಭಾನುವಾರ ಚರ್ಚಿನಲ್ಲಿ ಪ್ರಾರ್ಥನೆ ಮುಗಿದ ಮೇಲೆ ಎಲ್ಲರಿಗೂ ಸಾರಿಬಿಟ್ಟ: ಅಕ್ಕನನ್ನು ದಾರಿಯಲ್ಲಿ ಕಂಡರೆ ದಯವಿಟ್ಟು ಮನೆಗೆ ತಂದುಬಿಡಿ. ಊರಿನವರು ಮಾತಿಗೆ ತಪ್ಪಲಿಲ್ಲ. ತಂದರು, ತಂದರು, ದಿನಾ ತಂದರು.

ಪಾದ್ರಿಗಳ ಗಾಡಿಯಿಂದಿಳಿದ ಮಧ್ಯಾಹ್ನ ಕಲೊಲಿನೆಗೆ ಹೊಳೆದದ್ದು ಸ್ಮಶಾನ. ಊರಾಚೆ, ಅವಳ ಅಮ್ಮನನ್ನು ಮಣ್ಣು ಮಾಡಿದ ಜಾಗ. ಬಿಳಿ ಮರಳಿನ ದಿಬ್ಬಗಳು, ಕೋಲಿಗೆ ಕಟ್ಟಿದ ಬಣ್ಣದ ಹೊದಿಕೆಗಳು. ಅಲ್ಲಿಗೆ ಗಾಡಿ ಬರುವುದಿಲ್ಲ. ಮಾರನೆಯ ದಿನ ಕೋಳಿ ಕೂಗಿದ ಹೊತ್ತಿಗೆ ಎದ್ದು ಹಿತ್ತಲಿನಿಂದ ಹೋದಳು. ಗೋರಿಗಳ ಸುತ್ತ ನಡೆದಳು. ಒಂದು ಸುತ್ತಿಗೇ ಎದೆ ಡವಡವ ಹೊಡೆದುಕೊಂಡಿತು, ಅಮ್ಮನ ಗೋರಿಯ ಪಕ್ಕ ಕುಸಿದು ಕೂತಳು. ಮತ್ತೆ ಎದ್ದಳು. ಬೇಸರ ಕಳೆಯಲು ಚರ್ಚಿನ ಹಾಡು ಗುನುಗಿದಳು.

ವಾರಗಳು ಉರುಳಿದವು. ತಮ್ಮ ಕಳಿಸುತ್ತಿದ್ದ ಮಾಂಸವನ್ನು ವೀಕಾ ಕದ್ದು ಹಂದಿಗಳಿಗೆ ಹಾಕುತ್ತಿದ್ದಳು, ಕಲೊಲಿನೆ ಮೀನು, ಸೊಪ್ಪು, ಒಂದು ತುಂಡು ಗೆಡ್ಡೆ ತಿನ್ನುತ್ತಿದ್ದಳು. ಹಸಿವಾದರೆ ನೀರು ಕುಡಿದು ಮಲಗುತ್ತಿದ್ದಳು. ಸುತ್ತುಗಳು ಹೆಚ್ಚಿದವು. ಉಸಿರು ಹಗುರವಾಯಿತು. ರವಿಕೆ ಸಡಿಲವಾಯಿತು. ಆಸ್ಪತ್ರೆಯಲ್ಲಿ ಲತಾಯಿ ರಕ್ತ ನೋಡಿ ಕುರ್ಚಿಯಿಂದ ಎದ್ದೇ ನಿಂತಳು. “ಏನ್ ಮಾಡಿದ್ರಿ ಅಮ್ಮಾ? ಹೀಗೇ ಇದ್ರೆ ಅವರು ಖಂಡಿತ ಆಪರೇಷನ್ ಮಾಡ್ತಾರೆ!” ಎಂದಳು. ಆವತ್ತು ಮನೆಗೆ ಬರುವಾಗ ಕಲೊಲಿನೆ ವೀಕಾಳ ಕೈ ಹಿಡಿದುಕೊಂಡು ಅತ್ತಳು. ಬದುಕುತ್ತೇನೆ ಕಣೇ, ಎಂದಳು. ಎಷ್ಟೋ ದಿನದ ಮೇಲೆ ಅವಳಿಗೆ ಬದುಕಿನ ಮೇಲೆ ಆಸೆ ಬಂದಿತ್ತು.

ಆ ಆಸೆಗೆ ಮಣ್ಣು ಹಾಕಿದವಳು ಫುಸಿ. ಕೆಟ್ಟವಳೇನಲ್ಲ. ಸತ್ತ ಗಂಡನ ಗೋರಿಗೆ ಹೊಸ ಮರಳು ಹರಡಲು ಒಂದು ಬೆಳಿಗ್ಗೆ ಬೇಗ ಬಂದಳು, ಅಷ್ಟೇ. ನೋಡುತ್ತಾಳೆ: ಮಬ್ಬು ಬೆಳಕಿನಲ್ಲಿ ಮನಾಸೆಯ ಅಕ್ಕ, ಕೂದಲು ಬಿಚ್ಚಿದೆ, ಬಾಯಲ್ಲಿ ಏನೋ ಗೊಣಗುತ್ತಾ ಅಮ್ಮನ ಗೋರಿಯ ಸುತ್ತ ಸುತ್ತುತ್ತಿದ್ದಾಳೆ, ಮೈಯೆಲ್ಲ ಬೆವರು, ಮೊದಲಿನ ಅರ್ಧ ಆಗಿದ್ದಾಳೆ. ಫುಸಿ ಮರಳಿನ ಬುಟ್ಟಿ ಬಿಸಾಡಿ ಓಡಿದಳು.

ಬಿಸಿಲೇರುವ ಹೊತ್ತಿಗೆ ಊರಿಗೆ ಊರೇ ಒಪ್ಪಿಕೊಂಡಿತ್ತು. ಗಾಳಿ ಸೋಕಿದೆ. ಸತ್ತ ತಾಯಿ ಕರೆಯುತ್ತಿದ್ದಾಳೆ. ಇಲ್ಲದಿದ್ದರೆ ಹೀಗೆ ಸೊರಗುತ್ತಾಳೆಯೇ?

ಮನಾಸೆ ಸೊಪ್ಪಿನ ಮದ್ದು ಕೊಡುವ ಮುದುಕಿಯನ್ನು ಕರೆತಂದ. ತಾನು ಒಳಗೆ ಬರುವ ಹಾಗಿಲ್ಲವಲ್ಲ, ಹೊಸ್ತಿಲಾಚೆ ಬೆನ್ನು ಮಾಡಿ ಕೂತ. ಮುದುಕಿ ಎಲೆ ಜಜ್ಜಿ ಕಲೊಲಿನೆಯ ಕಣ್ಣಿಗೆ, ಮೂಗಿಗೆ ರಸ ಹಿಂಡಿದಳು. ಉರಿಗೆ ಕಲೊಲಿನೆ ಕಿರುಚಿದಳು, “ನಂಗೆ ಯಾವ ದೆವ್ವಾನೂ ಹಿಡಿದಿಲ್ಲ! ಡಾಕ್ಟ್ರು ಹೇಳಿದ್ದಕ್ಕೆ ನಡೀತಿದ್ದೆ!”

“ಗೋರಿ ಮಧ್ಯೆ ನಡೀರಿ ಅಂತ ಹೇಳಿದ್ರಾ ಅಕ್ಕಾ?” ಹೊರಗಿನಿಂದ ಮನಾಸೆಯ ದನಿ ಅಳುವಿನ ಹಾಗಿತ್ತು. “ಯಾವ ಕಾಯಿಲೆಗೆ ಅಂಥ ಮದ್ದು? ಒಂದ್ಸಲ ಹೇಳಿಬಿಡಿ. ನಿಮ್ಮ ಕಾಲಿಗೆ ಬೀಳ್ತೀನಿ. ಏನಾಗಿದೆ ನಿಮಗೆ?”

ಮನೆ ತುಂಬ ಹೆಂಗಸರಿದ್ದರು. ಎಲ್ಲರೂ ತಲೆ ತಗ್ಗಿಸಿದರು. ವೀಕಾ ಅತ್ತಿಗೆಯ ಮುಖವನ್ನೇ ನೋಡುತ್ತಿದ್ದಳು, ಹೇಳಿಬಿಡಿ, ಹೇಳಿಬಿಡಿ ಎನ್ನುವ ಹಾಗೆ. ಕಲೊಲಿನೆ ಬಾಯಿ ತೆರೆದಳು. ಒಂದೇ ಒಂದು ಮಾತು, ಆಡಿದರೆ ಜೀವ ಉಳಿಯುತ್ತದೆ. ಅದು ಬಾಯಿಂದ ಹೊರಡಲಿಲ್ಲ. ಹೊಸ್ತಿಲಾಚೆ ಕೂತವನನ್ನು ಅವಳು ಎತ್ತಿ ಆಡಿಸಿದ್ದಳು, ಅವನಿಗೆ ಮೀಸೆ ಮೂಡಿದ ದಿನದಿಂದ ಅವನೆದುರು ತಲೆಗೂದಲನ್ನೂ ಬಾಚಿಕೊಂಡವಳಲ್ಲ.

“ಹೊಟ್ಟೆ,” ಎಂದಳು. “ಹೊಟ್ಟೇಲಿ ಏನೋ.”

“ಹೊಟ್ಟೇನಾ?” ಮನಾಸೆ ದೊಡ್ಡದೊಂದು ಉಸಿರು ಬಿಟ್ಟ. “ಅಷ್ಟೇನಾ? ಹೊಟ್ಟೆಗಿಲ್ಲದೆ ಸೊರಗಿ ಗಾಳಿ ಸೋಕಿದೆ ಅನ್ನಿ! ವೀಕಾ, ಇನ್ಮೇಲೆ ಅಕ್ಕನಿಗೆ ನಾನೇ ಅಡುಗೆ ಮಾಡ್ತೀನಿ.”

ಮಾಡಿದ ಕೂಡ. ದಿನಾ ನೆಲ ತೋಡಿ ಒಲೆ ಹೂಡಿ, ಕೆಸುವಿನೆಲೆಯಲ್ಲಿ ಡಬ್ಬಿ ಮಾಂಸ, ತೆಂಗಿನ ಹಾಲು ಕಟ್ಟಿ ಬೇಯಿಸಿ, ಮರಿಹಂದಿ ಸುಟ್ಟು ಕಳಿಸಿದ. ಹೆಂಗಸರು ಸರದಿಯ ಮೇಲೆ ಬಂದು ಕಾವಲು ಕೂತರು, ಬಾಗಿಲಿಗೆ ಅಡ್ಡ ಚಾಪೆ ಹಾಸಿ ಮಲಗಿದರು, ಅವಳು ತಿಂದು ಮುಗಿಸುವವರೆಗೆ ಬಿಡಲಿಲ್ಲ. ಕಾಲು ಕೆಳಗಿಟ್ಟರೆ, “ಅಯ್ಯೋ, ಏಳ್ಬೇಡಿ!” ಎಂದು ಹಿಡಿದು ಮಲಗಿಸಿದರು. ಅಷ್ಟು ಜನ ಅಷ್ಟು ಪ್ರೀತಿಯಿಂದ ಸುತ್ತುವರಿದರೆ ಯಾರು ತಪ್ಪಿಸಿಕೊಳ್ಳುತ್ತಾರೆ? ಮೊದಮೊದಲು ಬೈದಳು, ಆಮೇಲೆ ಬೇಡಿದಳು, ಕೊನೆಗೆ ತಿಂದಳು. ಮೈ ಮತ್ತೆ ತುಂಬಿಕೊಂಡಿತು. ಮಲಗಿದಲ್ಲೇ ಏದುಸಿರು ಬರತೊಡಗಿತು. ಊರಿನವರು, ಗಾಳಿ ಬಿಟ್ಟಿತು, ಮುಖದಲ್ಲಿ ಕಳೆ ಬಂತು ಎಂದರು.

ಹೊರದೇಶದ ಡಾಕ್ಟರುಗಳು ಬಂದಾಗ ಮನಾಸೆಯೇ ಗಾಡಿ ಓಡಿಸಿಕೊಂಡು ಅಕ್ಕನನ್ನು ಕರೆದೊಯ್ದ. ಹೊಟ್ಟೆಯಲ್ಲೊಂದು ಗಡ್ಡೆ ಇದೆ, ತೆಗೆಯುತ್ತಾರೆ ಎಂದು ವೀಕಾ ಹೇಳಿದ್ದನ್ನು ನಂಬಿದ್ದ. ಅವರಿಗೆಂದು ಇಡೀ ಹಂದಿಯೊಂದನ್ನು ಸುಟ್ಟು ತಂದಿದ್ದ. ಅವರು ಕಲೊಲಿನೆಯ ರಕ್ತ ನೋಡಿದರು, ಎದೆ ನೋಡಿದರು, ತಮ್ಮತಮ್ಮಲ್ಲೇ ಮಾತಾಡಿಕೊಂಡು ತಲೆಯಾಡಿಸಿದರು. ಆಗುವುದಿಲ್ಲ. ಎಲ್ಲಿಗೆ ಕಳಿಸಿದರೂ ಇದೇ ಮಾತು.

ವೀಕಾ ಮಾತ್ರೆಯ ಸಾಲಿನಲ್ಲಿ ನಿಂತಳು, ತಡವಾಗುತ್ತದೆ, ತಾನು ಬಸ್ಸಿನಲ್ಲಿ ಬರುತ್ತೇನೆ ಎಂದಳು. ಕಲೊಲಿನೆ ಒಳಗೆ ಬೆಂಚಿನ ಮೇಲೆ ಕೂತಿದ್ದಳು. ಕಿಟಕಿಯಾಚೆ ಜಗುಲಿಯಲ್ಲಿ ಮನಾಸೆಯ ದನಿ ಕೇಳಿಸಿತು.

“ಏನಾಯ್ತು ಡಾಕ್ಟ್ರೇ? ಇವತ್ತೇ ಮಾಡ್ತಾರಾ? ಹಂದಿ ಬಿಸಿ ಇದೆ, ಮೊದ್ಲು ಊಟ ಮಾಡ್ಲಿ.”

ಲತಾಯಿಯ ತಾಳ್ಮೆ ಕಿತ್ತುಹೋಯಿತು. ಎಲ್ಲವನ್ನೂ ಹೇಳಿಬಿಟ್ಟಳು. ಗರ್ಭಕೋಶ ಎನ್ನುವ ಮಾತನ್ನೂ ಆಡಿದಳು, ಅದೂ ದೊಡ್ಡ ದನಿಯಲ್ಲಿ. ಒಳಗೆ ಕಲೊಲಿನೆ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. “ನಡೆದೂ ನಡೆದೂ ಸರಿ ಮಾಡ್ಕೊಂಡಿದ್ರು ರೀ! ಹಿಡಿದು ಮಲಗಿಸಿದ್ದು ಯಾರು?”

“ನಂಗೆ ಯಾರೂ ಹೇಳ್ಲಿಲ್ಲ,” ಎಂದ ಮನಾಸೆ. ಆಮೇಲೆ, “ಮುಂದಿನ ವರ್ಷ?” ಎಂದು ಕೇಳಿದ. ಲತಾಯಿ ಇಲ್ಲವೆಂದು ತಲೆಯಾಡಿಸಿ ಒಳಗೆ ಹೋದಳು.

ವಾಪಸು ಬರುವಾಗ ಕಲೊಲಿನೆ ಹಿಂದಿನ ಸೀಟಿನಲ್ಲಿದ್ದಳು. ಊರು ಇನ್ನೂ ದೂರವಿದ್ದಾಗ, ತೆಂಗಿನ ತೋಪಿನ ನಡುವೆ, ಮನಾಸೆ ಗಾಡಿ ನಿಲ್ಲಿಸಿ ಇಳಿದು ಹಿಂದಿನ ಬಾಗಿಲು ತೆಗೆದ. ನೆಲ ನೋಡುತ್ತಾ ಹೇಳಿದ, “ಇಳೀರಿ ಅಕ್ಕಾ. ನಡೀರಿ. ನಾನು ಹಿಂದೆ ಬರ್ತೀನಿ. ಇವತ್ತಿಂದ ದಿನಾ ನಡೀರಿ. ಯಾರು ಅಡ್ಡ ಬರ್ತಾರೋ ನೋಡ್ತೀನಿ.”

“ಈಗ ಆಗಲ್ಲ ಕಣೋ,” ಎಂದಳು.

“ಆಗುತ್ತೆ! ಆಗ್ಲೇಬೇಕು!” ಅವನ ಗಲ್ಲ ನಡುಗುತ್ತಿತ್ತು.

ಆ ನಡುಕ ನೋಡಲಾರದೆ ಕಲೊಲಿನೆ ಇಳಿದಳು. ತಿಂಗಳುಗಟ್ಟಲೆ ಮಲಗಿದ ಕಾಲು ನೆಲವನ್ನೇ ಮರೆತಿತ್ತು. ಒಂದು ತೆಂಗಿನ ಮರದಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಕಣ್ಣು ಕತ್ತಲಿಟ್ಟಿತು, ಎದೆಯೊಳಗೆ ಗಾಳಿಯೇ ಇಲ್ಲದಂತಾಯಿತು. ರಸ್ತೆ ಬದಿಯ ಹುಲ್ಲಿನ ಮೇಲೆ ಧೊಪ್ಪೆಂದು ಕುಸಿದಳು. ಏಳಲು ನೋಡಿದಳು, ಆಗಲಿಲ್ಲ. ಜೀರುಂಡೆಯ ಹಾಗೆ ಅಂಗಾತ ಬಿದ್ದಿದ್ದೇನೆ ಅನ್ನಿಸಿ ಅವಮಾನದಿಂದ ಸೊಂಟಕ್ಕೆ ಸುತ್ತಿದ ಬಟ್ಟೆಯನ್ನು ಕಾಲಿನ ಮೇಲೆ ಎಳೆದುಕೊಂಡಳು. ಅಡಿಯಲ್ಲಿ ಬೆಚ್ಚಗೆ ರಕ್ತ ಹರಿಯುತ್ತಿರುವುದು ತಿಳಿಯಿತು.

ಮನಾಸೆ ಓಡಿ ಬಂದ. ಬಂದು ನಿಂತ. ಎರಡೂ ಕೈ ಚಾಚಿದ, ಹುಟ್ಟಿದಾಗಿನಿಂದ ಕಲಿತದ್ದನ್ನೆಲ್ಲ ಮುರಿದು. “ಕೈ ಕೊಡಿ ಅಕ್ಕಾ,” ಎಂದ.

ಕಲೊಲಿನೆ ಆ ಕೈಗಳನ್ನು ನೋಡಿದಳು. ಹಿಡಿದುಕೊಂಡರಾಯಿತು, ಯಾರೂ ನೋಡುತ್ತಿಲ್ಲ. ಹಾಗೆ ಅಂದುಕೊಂಡದ್ದು ಮನಸ್ಸು. ಕೈ ಮಾತ್ರ ತಾನಾಗಿ ಹಿಂದಕ್ಕೆ ಸರಿದು ಬಟ್ಟೆಯ ಮಡಿಕೆಯಲ್ಲಿ ಅಡಗಿತು.

“ಬೇಡ,” ಎಂದಳು. “ಆ ಕಡೆ ತಿರುಗಿ ನಿಂತ್ಕೋ ತಮ್ಮಾ. ಯಾರಾದ್ರೂ ಹೆಂಗಸರು ಬರ್ತಾರೆ.”

ಮನಾಸೆ ತಿರುಗಿ ನಿಂತ. ದಾರಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಅವನ ಬೆನ್ನು ಅಳುವಿಗೆ ಅಲುಗುತ್ತಿತ್ತು, ಅವಳು ಅದನ್ನು ನೋಡುತ್ತಾ ಹುಲ್ಲಿನ ಮೇಲೆ ಕಾದಳು.