ಹೆಸರಳಿದ ಫೈಲು

ಆಸ್ಪತ್ರೆಯಲ್ಲಿ ಅವಳನ್ನು ಎಲ್ಲರೂ ಡಿಸ್ಕಮ್ಮ ಎಂದೇ ಕರೆಯುತ್ತಿದ್ದರು. ಸರ್ವರುಗಳನ್ನು ನೋಡಿಕೊಳ್ಳುವವಳು. ಆದರೆ ಬಂದ ದಿನದಿಂದ ಮಾಡಿದ್ದೆಲ್ಲ ಒಂದೇ ಕೆಲಸ, ತುಂಬಿದ ಡಿಸ್ಕುಗಳಲ್ಲಿ ಜಾಗ ಮಾಡಿಕೊಡುವುದು. ಎಕ್ಸ್‌ರೇ ವಿಭಾಗದವರು ಒಂದೇ ಚಿತ್ರವನ್ನು ಮೂರು ಕಡೆ ಇಡುತ್ತಾರೆ, ಕಚೇರಿಯವರು ಅಜ್ಜನ ಕಾಲದ್ದನ್ನೂ ಎಸೆಯುವುದಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವುದನ್ನು ಈ ಡಾಕ್ಟರುಗಳಿಗೆ ಯಾರೂ ಕಲಿಸಿದಂತಿರಲಿಲ್ಲ. ಮನೆಯಲ್ಲೂ ಅದೇ ಹಾಡು. ಬೀರುವಿನ ಬಾಗಿಲು ಮುಚ್ಚುತ್ತಿಲ್ಲ ಎಂದರೆ ಗಂಡ ಕೂಗುವುದು ಅವಳನ್ನೇ.

ಆ ಮಧ್ಯಾಹ್ನ ಊಟದ ಡಬ್ಬಿಯ ಮುಚ್ಚಳ ತೆಗೆದಿದ್ದಳಷ್ಟೆ, ದೊಡ್ಡ ಡಿಸ್ಕ್ ಕಂಠಮಟ್ಟ ತುಂಬಿದೆ ಎಂದು ಪರದೆ ಕೆಂಪಾಯಿತು. ಪೂರ್ತಿ ತುಂಬಿದರೆ ಇಡೀ ಆಸ್ಪತ್ರೆಯಲ್ಲಿ ಯಾರೂ ಒಂದಕ್ಷರ ಉಳಿಸಿಡುವಂತಿಲ್ಲ. ಯಾವುದು ನುಂಗುತ್ತಿದೆ ಎಂದು ಹುಡುಕಿದಳು. ತಾತ್ಕಾಲಿಕ ಫೈಲುಗಳ ಡೈರೆಕ್ಟರಿಯಲ್ಲಿ ತಲೆಬುಡವಿಲ್ಲದ ಹೆಸರಿನದೊಂದು ನೋಡನೋಡುತ್ತಲೇ ಬೆಳೆಯುತ್ತಿತ್ತು. ಯಾವುದೋ ಕೆಟ್ಟ ಪ್ರೋಗ್ರಾಮಿನ ಕಸ ಎಂದುಕೊಂಡಳು. ಇಂಥದ್ದನ್ನು ಅಳಿಸಿ ಅಳಿಸಿ ಸವೆದ ಕೈ. ಯಾರದ್ದೆಂದು ಫೋನು ಮಾಡಿ ಕೇಳುವುದಕ್ಕೂ ಬೇಸರ. ಅಳಿಸಿದಳು.

ಜಾಗ ಮಾತ್ರ ಒಂದಿಷ್ಟೂ ಹೆಚ್ಚಲಿಲ್ಲ.

ಆ ಸರ್ವರುಗಳನ್ನು ನಡೆಸುವ ಯುನಿಕ್ಸ್‌ನಲ್ಲಿ ಫೈಲ್ ಅಳಿಸುವುದೆಂದರೆ ಅದರ ಹೆಸರು ಕಿತ್ತುಹಾಕುವುದಷ್ಟೆ. ಯಾವುದಾದರೂ ಪ್ರೋಗ್ರಾಮು ಅದನ್ನು ತೆರೆದಿಟ್ಟುಕೊಂಡಿದ್ದರೆ ಒಳಗಿನದ್ದು ಡಿಸ್ಕಿನಲ್ಲೇ ಇರುತ್ತದೆ. ಪ್ರೋಗ್ರಾಮು ಕೈಬಿಟ್ಟ ಕ್ಷಣ ಎಲ್ಲ ಹೋಗುತ್ತದೆ. ಹಾಗಾದರೆ ಹಿಡಿದುಕೊಂಡವರು ಯಾರು ಎಂದು ನೋಡಿದಳು. ಮಾತಿನ ಚಿಕಿತ್ಸೆ ವಿಭಾಗದ ಧ್ವನಿಮುದ್ರಣ.

ಬೆಳಿಗ್ಗೆಯಿಂದ ಅಲ್ಲಿ ಯಾರು ಕೂತಿದ್ದಾರೆಂದು ಅವಳಿಗೆ ಗೊತ್ತಿತ್ತು. ನಿವೃತ್ತ ಬಸ್ ಕಂಡಕ್ಟರ್. ಗಂಟಲಲ್ಲಿ ಗಡ್ಡೆ, ನಾಳೆ ಆಪರೇಷನ್ ಮಾಡಿ ಧ್ವನಿಪೆಟ್ಟಿಗೆಯನ್ನೇ ತೆಗೆಯುತ್ತಾರೆ. ಆಮೇಲೆ ಫೋನಿನಲ್ಲಿ ಒತ್ತಿ ಕೇಳಿಸಲೆಂದು ದಿನಬಳಕೆಯ ವಾಕ್ಯಗಳನ್ನು ಅವನ ದನಿಯಲ್ಲೇ ಹಿಡಿದಿಡುತ್ತಿದ್ದರು. ನೀರು ಬೇಕು, ನೋವಾಗುತ್ತಿದೆ, ದೀಪ ಆರಿಸಿ. ಕೆಮ್ಮಿ ಕೆಮ್ಮಿ, ನಡುನಡುವೆ ಸುಧಾರಿಸಿಕೊಂಡು ಓದಿದ್ದ. ಇನ್ನೊಮ್ಮೆ ಓದಲು ಅವನಲ್ಲಿ ದನಿಯೂ ಇರಲಿಲ್ಲ, ದಿನವೂ ಇರಲಿಲ್ಲ.

ಹೆಸರಳಿದ ಆ ಫೈಲನ್ನು ಹಳೆಯ ಬ್ಯಾಕಪ್ ಡಿಸ್ಕಿಗೆ ನಕಲು ಮಾಡಲು ಹಚ್ಚಿದಳು. ಆ ಡಿಸ್ಕಂತೂ ಆಮೆಯ ಅಣ್ಣ. ದೊಡ್ಡ ಡಿಸ್ಕಿಗೆ ಅಲ್ಲಿಯವರೆಗೆ ಉಸಿರಾಡುವಷ್ಟು ಜಾಗ ಇರಲೆಂದು ತನ್ನದೇ ಹಳೆಯ ಫೈಲುಗಳನ್ನು ಅಳಿಸಿದಳು, ಈ ಸಲ ಒಂದೊಂದರ ಹೆಸರನ್ನೂ ಎರಡೆರಡು ಸಲ ಓದಿ. ನಕಲು ಮುಗಿಯುವ ಮುಂಚೆ ಅವರು ಮುದ್ರಣ ನಿಲ್ಲಿಸಬಾರದು, ಆ ಕೋಣೆಯಲ್ಲಿ ಫೋನೂ ಇಲ್ಲ. ಡಬ್ಬಿಯನ್ನು ತೆರೆದಂತೆಯೇ ಬಿಟ್ಟು ಅಲ್ಲಿಗೆ ಓಡಿದಳು.

ಓಡುವಾಗ ಇನ್ನೊಂದು ನೆನಪಾಯಿತು. ಒಂದು ನಿಮಿಷ ಯಾರೂ ಮಾತಾಡದಿದ್ದರೆ ಮುದ್ರಣ ತಾನಾಗಿ ನಿಲ್ಲುವ ಹಾಗೆ ಮಾಡಿಟ್ಟಿದ್ದು ಅವಳೇ, ಜಾಗ ಉಳಿಸುವುದಕ್ಕೆ. ಮಾಡಿದ್ದುಣ್ಣೋ ಮಹರಾಯ.

ಬಾಗಿಲು ತಳ್ಳಿದಾಗ ಕಂಡಕ್ಟರ್ ಕೊನೆಯ ವಾಕ್ಯ ಓದಿ ಮುಗಿಸಿದ್ದ. ಚಿಕಿತ್ಸಕಿ ಮುದ್ರಣ ನಿಲ್ಲಿಸಲು ಬೆರಳು ಚಾಚಿದ್ದಳು.

"ನಿಲ್ಲಿಸ್ಬೇಡಿ," ಎಂದಳು ಡಿಸ್ಕಮ್ಮ. "ಇವರ ಫೈಲನ್ನ ನಾನು ಅಳಿಸ್ಬಿಟ್ಟೆ. ನಕಲು ಆಗ್ತಿದೆ. ಅದು ಮುಗಿಯೋ ತನಕ ಯಾರಾದ್ರೂ ಮಾತಾಡ್ತಾನೇ ಇರ್ಬೇಕು."

ಕರೆಂಟು, ಕೇಬಲ್ಲು ಎಂದು ಏನಾದರೂ ಸುಳ್ಳು ಹೇಳಬಹುದಿತ್ತು. ಸುಳ್ಳಿಗೂ ಮೈಯಲ್ಲಿ ಕಸುವು ಬೇಕು, ಅವಳಲ್ಲಿ ಅದಿರಲಿಲ್ಲ.

ಚಿಕಿತ್ಸಕಿ ವಾಕ್ಯಗಳ ಹಾಳೆ ಎತ್ತಿಕೊಂಡು ತಾನೇ ಓದಲು ಹೊರಟಳು. ಕಂಡಕ್ಟರ್ ಕೈ ಅಡ್ಡ ಹಿಡಿದ.

"ನನ್ನ ಟ್ರಿಪ್ಪು. ನಾನೇ ಮುಗಿಸ್ತೀನಿ," ಎಂದ. ಗಂಟಲು ಗರಗರ ಎನ್ನುತ್ತಿತ್ತು. ಹಾಳೆಯಲ್ಲಿ ಇನ್ನೇನೂ ಉಳಿದಿರಲಿಲ್ಲ. ಅತ್ತಿತ್ತ ನೋಡಿ, ಮೂಲೆಯಲ್ಲಿ ಕೈಚೀಲ ಅವುಚಿಕೊಂಡು ಕೂತಿದ್ದ ಹೆಂಡತಿಯತ್ತ ತಿರುಗಿದ. "ಏ ಇವಳೇ, ಎಲ್ಲಿ ಹೋದ್ಯೇ? ಬಾ ಇಲ್ಲಿ. ದಿನಾ ನನ್ನ ಬಾಯಿ ಮುಚ್ಚಿಸ್ತಿದ್ದೋಳು, ಇವತ್ತು ಮೂಲೇಲಿ ಕೂತ್ಕೊಂಡ್ಯಾ?"

ಆಕೆ ಬಂದು ಪಕ್ಕ ಕೂತಳು. ಅವನೇ ಶುರುಮಾಡಿದ. ಇವಳು ಮದುವೆಗೆ ಮುಂಚೆ ತನ್ನ ಬಸ್ಸಿನಲ್ಲಿ ಬರುತ್ತಾ ದಿನವೂ ಇಳಿಯುವ ಸ್ಟಾಪು ಮರೆಯುತ್ತಿದ್ದಳು ಎಂದ. ಅಷ್ಟು ಸಾಕಾಯಿತು. ಮರೆತದ್ದು ತಾನಲ್ಲ, ಇವರೇ ಬೇಕೆಂದು ಸೀಟಿ ಊದುತ್ತಿರಲಿಲ್ಲ ಎಂದು ಆಕೆ ರೇಗಿದಳು. ಇಬ್ಬರಿಗೂ ಜಟಾಪಟಿ ಹತ್ತಿತು. ಮಾತು ಮುಗಿಯುತ್ತ ಬಂದಾಗ ಅವನು ತನ್ನ ರೂಟಿನ ಸ್ಟಾಪುಗಳನ್ನು ಕೂಗತೊಡಗಿದ. ಮಾರ್ಕೆಟ್ಟು, ಹಳೇ ಸೇತುವೆ, ನೂಲಿನ ಗಿರಣಿ.

"ಸ್ಮಶಾನ. ಯಾರಾದ್ರೂ ಇಳಿಯೋರಿದ್ದೀರಾ?" ಎಂದು ಸುತ್ತ ನೋಡಿದ. "ಯಾರೂ ಇಲ್ವಾ? ರೈಟ್, ರೈಟ್."

ತಾನೇ ನಕ್ಕ, ನಗು ಕೆಮ್ಮಾಯಿತು. ಹೆಂಡತಿ ಬೆನ್ನು ನೀವುತ್ತಾ ಬಯ್ದಳು. ಚಿಕಿತ್ಸಕಿಯ ಕಂಪ್ಯೂಟರಿನಲ್ಲಿ ನಕಲಿನ ಅಳತೆ ನೋಡುತ್ತಿದ್ದ ಡಿಸ್ಕಮ್ಮನಿಗೆ ಅಂಕೆಗಳು ಮಂಜಾದವು. ಯಾರ ಮುಂದೆಯೂ ಅತ್ತವಳಲ್ಲ, ಈಗ ಅತ್ತಳು. ಕೊನೆಗೆ ನಕಲು ಮೂಲದ ಸಮಕ್ಕೆ ಬಂತು. ಕೈ ಎತ್ತಿದಳು. ಸಿಕ್ಕಿತೇ ಎಂದು ಅವನು ಹುಬ್ಬಿನಲ್ಲೇ ಕೇಳಿದ, ಅವಳು ತಲೆಯಾಡಿಸಿದಳು. ಬೀಸುವ ದೊಣ್ಣೆ ತಪ್ಪಿತ್ತು. ಹಿಂತಿರುಗಿ ಕೋಣೆಗೆ ಬಂದಾಗ ಊಟ ತಣ್ಣಗಾಗಿತ್ತು, ಹಸಿವೂ ಸತ್ತಿತ್ತು.

ಒಂದೆರಡು ತಿಂಗಳ ಮೇಲೆ ಅವರಿಬ್ಬರೂ ತಪಾಸಣೆಗೆ ಬಂದಿದ್ದರು. ಡಿಸ್ಕಮ್ಮ ಮತ್ತೆಲ್ಲೋ ಜಾಗ ಮಾಡಿಕೊಡಲು ಹೊರಟಿದ್ದವಳು ಮೊಗಸಾಲೆಯಲ್ಲಿ ನಿಂತಳು. ಕಂಡಕ್ಟರ್ ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡು ಬೆಂಚಿನ ಮೇಲಿದ್ದ. ಇವಳನ್ನು ಗುರುತು ಹಿಡಿದು, ಫೋನು ತೋರಿಸಿ, ವಾಕ್ಯಗಳ ಉದ್ದನೆಯ ಸಾಲನ್ನು ಬೆರಳಿನಿಂದ ಸರ್ರನೆ ದಾಟಿಸಿದ. ನೀರು, ನೋವು, ದೀಪ ಯಾವುದೂ ಬೇಕಾಗಲಿಲ್ಲ ಎನ್ನುವಂತೆ ಕೈಯಾಡಿಸಿದ. ಎಲ್ಲಕ್ಕಿಂತ ಕೆಳಗಿನದನ್ನು ಒತ್ತಿದ. ಆ ಗರಗರ ದನಿ ಮೊಗಸಾಲೆಯ ತುಂಬ ಕೇಳಿಸಿತು.

"ಏ ಇವಳೇ, ಎಲ್ಲಿ ಹೋದ್ಯೇ?"

ಔಷಧಿ ಕೌಂಟರಿನ ಸಾಲಿನಲ್ಲಿ ನಿಂತಿದ್ದ ಹೆಂಡತಿ ತಿರುಗಿಯೂ ನೋಡಲಿಲ್ಲ.

"ಬಂದೆ ಇರ್ರೀ," ಎಂದಳು. "ಹಾಗೆ ಕೂಗ್ಬೇಡಿ."