ಎರಡನೆಯ ಸಾಕ್ಷಿ

ಕಬ್ಬಿಣದ ಸರಳಿಗೆ ಬಳೆ ತಾಗಿದಂಥ ಸಣ್ಣ ಸದ್ದು. ಕುಸುಮಾ ಎದ್ದು ಕೂತಳು. ಕತ್ತಲಲ್ಲಿ ಕಾಲು ಚಪ್ಪಲಿ ಹುಡುಕುತ್ತಿರುವಾಗ, ಇನ್ನು ಏಳುವ ಅಗತ್ಯವಿಲ್ಲ ಎಂಬುದು ನೆನಪಾಯಿತು. ರಾತ್ರಿ ನೀರು ಬೇಕಾದಾಗ ಅಮ್ಮ ಬಳೆಯಿಂದ ಮಂಚದ ಸರಳು ತಟ್ಟುತ್ತಿದ್ದಳು. ಬಾಡಿಗೆಗೆ ತಂದಿದ್ದ ಆ ಆಸ್ಪತ್ರೆ ಮಂಚವನ್ನು ಅಂಗಡಿಯವರು ವಾಪಸ್ಸು ಒಯ್ದು ವರ್ಷವಾಗುತ್ತ ಬಂದಿತ್ತು. ಈಗ ಸದ್ದಾದದ್ದು ಫೋನು. ಮೇಜಿನ ಮೇಲೆ ನಡುಗಿ ಪಕ್ಕದ ಲೋಟಕ್ಕೆ ತಾಗಿತ್ತು.

ಪಾಸ್ಟರ್ ಚನ್ನವೀರೇಶ್ ಅವರ ಸಂದೇಶ. ‘ಸಿಸ್ಟರ್, ಈ ಭಾನುವಾರ ಗುರವ್ವನ ಸಾಕ್ಷಿ ಇದೆ. ನಿಮ್ಮ ತಾಯಿಯವರ ಕೊನೆಯ ದಿನದ ಬಗ್ಗೆ. ಎರಡನೆಯ ಸಾಕ್ಷಿ ನೀವೇ ಎಂದು ಹೇಳಿದ್ದಾಳೆ. ಪ್ರಾರ್ಥನೆ ಮಾಡಿಕೊಂಡು ಸಿದ್ಧವಾಗಿ ಬನ್ನಿ.’

ಕುಸುಮಾ ಅದನ್ನು ಮತ್ತೆ ಮತ್ತೆ ಓದಿದಳು. ರಾಜಾಜಿನಗರದ ಒಂದು ಪ್ರೆಸ್ಸಿನಲ್ಲಿ ಶಾಲಾ ಗೈಡುಗಳ ಕರಡು ತಿದ್ದುವುದು ಅವಳ ಕೆಲಸ. ಓದಿದ್ದನ್ನು ಒಂದೇ ಸಲಕ್ಕೆ ನಂಬುವ ಅಭ್ಯಾಸ ಹೋಗಿ ಬಹಳ ಕಾಲವಾಗಿತ್ತು. ಸಂದೇಶದಲ್ಲಿ ತಿದ್ದುವಂಥದ್ದು ಏನೂ ಇರಲಿಲ್ಲ. ಆದರೆ ಅಮ್ಮನ ಕೊನೆಯ ದಿನ, ಗುರವ್ವ ಹೇಳುವ ಆ ಮಧ್ಯಾಹ್ನ, ಕುಸುಮಾ ಮನೆಯಲ್ಲೇ ಇರಲಿಲ್ಲ.

ಗುರವ್ವ ಗದಗದ ಕಡೆಯವಳು. ಗಂಡ ಬಿಟ್ಟುಹೋದ ಮೇಲೆ ಬೆಂಗಳೂರಿಗೆ ಬಂದು, ಸುಂಕದಕಟ್ಟೆಯಲ್ಲಿ ಒಂದು ಕೋಣೆ ಮಾಡಿಕೊಂಡು, ಹಾಸಿಗೆ ಹಿಡಿದವರ ಆರೈಕೆಗೆ ಹೋಗುತ್ತಿದ್ದಳು. ಕುಸುಮಾಳ ಅಮ್ಮ ಅಕ್ಕಯ್ಯಮ್ಮನಿಗೆ ಸ್ನಾನ ಮಾಡಿಸಿ, ತಲೆ ಬಾಚಿ, ಗಂಜಿ ಕುಡಿಸಿ, ಸಂಜೆ ಕುಸುಮಾ ಹೊಸಹಳ್ಳಿಯ ಮನೆಗೆ ಮರಳಿದ ಮೇಲೆ ಬಸ್ಸು ಹತ್ತುತ್ತಿದ್ದಳು. ಅಮ್ಮ ಹೋದ ಮೇಲೆ, ಮನೆಯೊಳಗೆ ಒಂದು ಮಾತೂ ಕೇಳದೆ ದಿನಗಳು ಉರುಳುತ್ತಿದ್ದಾಗ, ಕುಸುಮಾಳನ್ನು ನಾಯಂಡಹಳ್ಳಿಯ ಪ್ರಾರ್ಥನಾಲಯಕ್ಕೆ ಕರೆದುಕೊಂಡು ಹೋದವಳೂ ಅವಳೇ. ಟೈರ್ ಗೋಡೌನಿನ ಮೇಲಿನ ಹಾಲ್ ಅದು. ಅಲ್ಲಿ ಯಾರೋ ಒಬ್ಬರು ಅವಳಿಗೆ ಕುರ್ಚಿ ಎಳೆದುಕೊಟ್ಟು, ಊಟ ಆಯ್ತಾ ಎಂದು ಕೇಳಿದ್ದರು. ಅಂದಿನಿಂದ ಕುಸುಮಾ ಒಂದು ಭಾನುವಾರವನ್ನೂ ತಪ್ಪಿಸಿರಲಿಲ್ಲ.

ಅಮ್ಮನ ಹನ್ನೊಂದನೆಯ ದಿನ ಗುರವ್ವ ಮೊದಲ ಸಲ ಹೇಳಿದ್ದು ಇಷ್ಟೇ: ಕೊನೆಯ ಮಧ್ಯಾಹ್ನ ತಾನು ಮಂಚದ ಪಕ್ಕ ಕೂತು ಯೇಸುವಿಗೆ ಪ್ರಾರ್ಥನೆ ಮಾಡುವಾಗ ಅಮ್ಮಾರು ಕೈ ಎತ್ತಿದರು. ಕೆಲವು ತಿಂಗಳ ಮೇಲೆ ಅದೇ ಮಾತು ಅವಳ ಬಾಯಲ್ಲಿ ಮತ್ತೆ ಕೇಳಿದಾಗ ಅಮ್ಮನ ತುಟಿಯೂ ಅಲುಗಿತ್ತು. ಆಮೇಲೆ ಆ ಹೆಸರು ಸ್ಪಷ್ಟವಾಗಿ ಬಾಯಿಂದ ಬಂದಿತ್ತು. ಕುಸುಮಾ ಇದನ್ನೆಲ್ಲ ಗಮನಿಸಿದ್ದಳು, ಸುಮ್ಮನಿದ್ದಳು. ಈಗ ಅವಳನ್ನೂ ಆ ಕೋಣೆಯೊಳಗೆ ತಂದು ನಿಲ್ಲಿಸಲಾಗಿತ್ತು.

ಬುಧವಾರ ಸಂಜೆ ಸತ್ಯವೇದದ ಅಧ್ಯಯನ. ಕೆಳಗೆ ಟೈರುಗಳನ್ನು ಉರುಳಿಸುವ ಶಬ್ದ ಹಾಲ್‌ನ ನೆಲಕ್ಕೆ ತಾಗುತ್ತಿತ್ತು. ಅಂದು ಓದಿದ್ದು ಸಮಾಧಿ ಬರಿದಾದ ಬೆಳಗಿನ ಭಾಗ, ನಾಲ್ಕೂ ಸುವಾರ್ತೆಗಳಿಂದ. ಒಬ್ಬೊಬ್ಬರೂ ಸ್ವಲ್ಪ ಸ್ವಲ್ಪ ಓದಿ ಮುಂದಿನವರಿಗೆ ಬಿಡುತ್ತಿದ್ದರು. ಮುಗಿದ ಮೇಲೆ ಪಾಸ್ಟರ್ ಕನ್ನಡಕ ತೆಗೆದು, “ನಾಲ್ಕು ಜನ ಬರೆದಿದಾರೆ. ಬರೆಸಿದೋನು ಒಬ್ಬ. ಅದಕ್ಕೇ ಇದರೊಳಗೆ ಒಂದಕ್ಕೊಂದು ತಾಳೆ ಆಗದಿರೋ ಮಾತು ಒಂದೂ ಇಲ್ಲ,” ಅಂದರು.

ಕುಸುಮಾ ಕೈ ಎತ್ತಿದಳು. ಎತ್ತಿದ ಮೇಲೆ ಹೆದರಿಕೆಯಾಯಿತು. “ಪಾಸ್ಟರ್, ಲೂಕ ಬರೆದಿರೋದರಲ್ಲಿ ಆ ಹೆಂಗಸರು ಹೋಗಿ ಶಿಷ್ಯರಿಗೆಲ್ಲ ಹೇಳ್ತಾರೆ. ಮಾರ್ಕ ಬರೆದಿರೋದರಲ್ಲಿ ಭಯಪಟ್ಟು ಓಡಿಹೋದ್ರು, ಯಾರಿಗೂ ಏನೂ ಹೇಳ್ಲಿಲ್ಲ ಅಂತಿದೆ.”

“ದಾರೀಲಿ ಯಾರಿಗೂ ಹೇಳ್ಲಿಲ್ಲ. ಮನೆ ಮುಟ್ಟಿದ ಮೇಲೆ ಹೇಳಿದ್ರು. ಎರಡೂ ಸರಿ ಅಲ್ವಾ?”

“ದಾರೀಲಿ ಅಂತ ಅಲ್ಲಿ ಇಲ್ಲ, ಪಾಸ್ಟರ್.”

ಹಿಂದಿನ ಸಾಲಿನಲ್ಲಿದ್ದ ರೇವಣಸಿದ್ದಪ್ಪ, ಬಿಎಂಟಿಸಿಯಲ್ಲಿ ಡ್ರೈವರ್ ಆಗಿದ್ದವರು, ಗಂಟಲು ಸರಿಮಾಡಿಕೊಂಡರು. “ಮೇಡಂ, ನಮ್ಮನೇಲಿ ನಮ್ಮವಳು ‘ಯಾರಿಗೂ ಹೇಳ್ಬೇಡಿ’ ಅಂತ ಬೆಳಿಗ್ಗೆ ಶುರು ಮಾಡಿದ್ರೆ, ಸಾಯಂಕಾಲ ನಾನು ಡ್ಯೂಟಿ ಮುಗಿಸಿ ಬರೋ ಹೊತ್ಗೆ ಹಾಲಿನ ಬೂತಲ್ಲಿ ನನ್ಗೇ ವಾಪಸ್ ಹೇಳೋರು. ಆ ಹೆಂಗಸರು ಮನೆ ಮುಟ್ಟೋವರ್ಗೂ ತಡೆದಿದ್ರೆ ಅದೇ ಪವಾಡ.”

ಎಲ್ಲರೂ ನಕ್ಕರು. ಕುಸುಮಾಳೂ ನಕ್ಕಳು. ಆದರೆ ಪ್ರಶ್ನೆ ಬಾಯಿಯಲ್ಲೇ ಉಳಿದಿತ್ತು. “ನಿಜವಾಗ್ಲೂ ಯಾರಿಗೂ ಹೇಳದೇ ಇದ್ದಿದ್ರೆ, ಬರೆದೋನಿಗೆ ಹೇಗೆ ಗೊತ್ತಾಯ್ತು?”

“ಅದಕ್ಕೇ ಸಿಸ್ಟರ್, ದೈವಪ್ರೇರಿತ ಅನ್ನೋದು,” ಎಂದು ಪಾಸ್ಟರ್ ಪುಸ್ತಕ ಮುಚ್ಚಿದರು. ಅವರೂ ನಗುತ್ತಿದ್ದರು.

ಎಲ್ಲರೂ ಇಳಿದುಹೋದ ಮೇಲೆ ಕುಸುಮಾ ಪ್ಲಾಸ್ಟಿಕ್ ಕುರ್ಚಿಗಳನ್ನು ಒಂದರ ಮೇಲೊಂದು ಇಡಲು ನಿಂತಳು. ಪಾಸ್ಟರ್ ಫ್ಯಾನುಗಳನ್ನು ಆರಿಸುತ್ತ ಬಂದರು. ಸಭೆಗೆ ಬರುವ ಮೊದಲು ಅವರು ಸಿವಿಲ್ ಕೋರ್ಟಿನಲ್ಲಿ ನ್ಯಾಯಾಧೀಶರ ಮುಂದೆ ಕೂರುವ ಗುಮಾಸ್ತರಾಗಿದ್ದರು. ಸಾಕ್ಷಿ ಹೇಳುವವರ ಮುಖ ನೋಡುತ್ತಲೇ ತಲೆ ನರೆತವರು. ದುಡ್ಡಿಗೆ ಸಾಕ್ಷಿ ಹೇಳಲು ಬರುವವರನ್ನು ಅಲ್ಲಿ ಕಂಡಿದ್ದರಿಂದಲೇ ತಮ್ಮ ಸಭೆಯಲ್ಲಿ ಒಂದು ಪದ್ಧತಿ ಇಟ್ಟಿದ್ದರು. ಯಾರೇ ಎದ್ದು ದೇವರು ತನಗೆ ಮಾಡಿದ್ದನ್ನು ಹೇಳಲಿ, ಅದನ್ನು ಕಣ್ಣಾರೆ ಕಂಡ ಎರಡನೆಯವರೂ ಎದ್ದು ಹೌದು ಅನ್ನಬೇಕು. ಇಲ್ಲದಿದ್ದರೆ ಆ ಸಾಕ್ಷಿಗೆ ಸಭೆಯಲ್ಲಿ ಜಾಗವಿಲ್ಲ.

“ನೀವು ಕೇಳಿದ್ದು ತಪ್ಪಲ್ಲ ಸಿಸ್ಟರ್,” ಅಂದರು.

“ಒಂದು ಕಡೆ ತಪ್ಪು ಸಿಕ್ಕಿದ್ರೆ ಏನಾಗುತ್ತೆ ಪಾಸ್ಟರ್?”

“ನಿಮ್ಮ ಪ್ರೆಸ್ಸಲ್ಲಾದ್ರೆ ತಿದ್ದಿ ಮುಂದಿನ ಪುಟಕ್ಕೆ ಹೋಗ್ತೀರ. ಇಲ್ಲಿ ಆಗಲ್ಲ. ಕೋರ್ಟಲ್ಲಿ ನೋಡಿದೀನಿ, ಸಾಕ್ಷಿ ಒಂದು ಮಾತಲ್ಲಿ ಸಿಕ್ಕಿಬಿದ್ರೆ ಸಾಕು, ಮಿಕ್ಕಿದ್ದೆಲ್ಲ ನಿಜ ಇದ್ರೂ ಯಾರೂ ಕಿವಿಗೆ ಹಾಕ್ಕೊಳಲ್ಲ. ಅವನು ಕಟಕಟೆ ಇಳಿದು ಹೋಗ್ತಾನಲ್ಲ, ಆ ನಡಿಗೆ ನೋಡೋಕಾಗಲ್ಲ.” ಅವರು ಒಂದು ಕುರ್ಚಿ ಎತ್ತಿಕೊಟ್ಟರು. “ಗುರವ್ವನಂಥೋರಿಗೆ ಈ ಪುಸ್ತಕ ಬಿಟ್ರೆ ಬೇರೆ ಏನಿದೆ ಹೇಳಿ.”

“ಭಾನುವಾರಕ್ಕೆ ನನ್ನ ಹೆಸರು ಅವಳೇ ಹೇಳಿದ್ಲಾ?”

“ಮೊದಲು ಹೇಳಿರ್ಲಿಲ್ಲ. ಒಬ್ಬಳೇ ಇದ್ದೆ ಅಂದ್ಲು. ನಾನು ವಾಪಸ್ ಕಳಿಸ್ದೆ. ಮತ್ತೆ ಬಂದ್ಲು, ಮತ್ತೆ ಕಳಿಸ್ದೆ. ಚೆನ್ನಾಗಿ ನೆನಪು ಮಾಡ್ಕೋ, ಮಗಳಾದ್ರೂ ಇದ್ದಿರ್ಬೇಕಲ್ವಾ ಅಂದೆ. ಆಮೇಲೆ ನೆನಪಾಯ್ತು ಅವಳಿಗೆ.” ಅವರ ಮುಖದಲ್ಲಿ ಸಮಾಧಾನವಿತ್ತು. “ಯಾಕೆ ಸಿಸ್ಟರ್?”

“ಏನಿಲ್ಲ,” ಅಂದಳು ಕುಸುಮಾ. ತಾನು ಅಲ್ಲಿರಲಿಲ್ಲ ಎಂದು ಹೇಳುವುದಕ್ಕೆ ಅದೇ ಸರಿಯಾದ ಹೊತ್ತಾಗಿತ್ತು. ಕೊನೆಯ ಟ್ಯೂಬ್‌ಲೈಟನ್ನು ಅವರು ಆರಿಸಿದ ಮೇಲೆ ಇಬ್ಬರೂ ಮೆಟ್ಟಿಲಿಳಿದರು.

ಶನಿವಾರ ಅಣ್ಣ ವೆಂಕಟೇಶನ ಫೋನು ಬಂತು. ಅಮ್ಮನ ವರ್ಷದ ತಿಥಿಯ ದಿನ ಹೇಳಲು. “ಏನು ಸಿಸ್ಟರ್, ಹೇಗಿದೀರ?” ಎಂದೇ ಶುರು ಮಾಡಿದ. ಅವಳು ಪ್ರಾರ್ಥನಾಲಯಕ್ಕೆ ಹೋಗತೊಡಗಿದಾಗಿನಿಂದ ಅವನು ಕರೆಯುವುದೇ ಹಾಗೆ.

“ಹೇಳಣ್ಣ.”

“ನೀನು ಎಲ್ಲಿಗಾದ್ರೂ ಹೋಗು, ನಾನು ಕೇಳಲ್ಲ. ಅಮ್ಮನ್ನ ಮಾತ್ರ ಅಲ್ಲಿಗೆ ಎಳ್ಕೊಂಡು ಹೋಗ್ಬೇಡ ಕಣೇ. ಜೀವನಪೂರ್ತಿ ತುಳಸಿಗೆ ನೀರು ಹಾಕಿದ ಜೀವ ಅದು.”

ಅಮ್ಮ ಹೋದ ಬೆಳಗಿನ ಜಾವ ಅವನೂ ಇರಲಿಲ್ಲ. ಗುರವ್ವನೂ ಇರಲಿಲ್ಲ. ಅಮ್ಮನ ಕಡೆಯ ಮಾತು ಕೇಳಿದ್ದು ಕುಸುಮಾ ಒಬ್ಬಳೇ. ಉಸಿರು ಕೆಟ್ಟಾಗ ಅವಳು ಆಂಬುಲೆನ್ಸಿಗೆ ಫೋನು ಮಾಡಿ, ಅಮ್ಮನ ಅಂಗೈಯನ್ನು ತನ್ನ ಎರಡೂ ಕೈಯೊಳಗೆ ಇಟ್ಟುಕೊಂಡು ಕೂತಿದ್ದಳು. ಅಕ್ಕಯ್ಯಮ್ಮ ಕಣ್ಣು ತೆರೆದು ಅವಳನ್ನು ಬಹಳ ಹೊತ್ತು ನೋಡಿದಳು. ಆಮೇಲೆ, ದಾರಿಯಲ್ಲಿ ಸಿಕ್ಕ ಯಾರನ್ನೋ ಕೇಳುವಷ್ಟು ಮರ್ಯಾದೆಯಿಂದ, “ನೀವ್ಯಾರಮ್ಮ? ಸ್ವಲ್ಪ ನಮ್ ಕುಸುಮಾನ ಕರೀತೀರಾ?” ಅಂದಳು. “ನಾನೇ ಕಣಮ್ಮ ಕುಸುಮಾ,” ಅಂದರೆ ತಲೆಯಾಡಿಸಿದಳು. ಇಲ್ಲ ಎಂದು. ಕೈಯನ್ನು ನಿಧಾನವಾಗಿ ಬಿಡಿಸಿಕೊಂಡಳು. ಬಾಗಿಲ ಕಡೆಗೆ ನೋಡುತ್ತಲೇ ಇದ್ದಳು.

ಭಾನುವಾರ ಹಾಲ್ ತುಂಬಿತ್ತು. ಹಾಡು ಮುಗಿದ ಮೇಲೆ ಗುರವ್ವ ಮೈಕಿನ ಮುಂದೆ ಬಂದಳು. ಹೊಸ ಸೀರೆಯ ಮಡಿಕೆ ಇನ್ನೂ ಬಿಟ್ಟಿರಲಿಲ್ಲ. ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

“ನಾ ಓದಿದಾಕಿ ಅಲ್ರಿ. ಅಮ್ಮಾರ ಮೈ ತೊಳದು, ಬಟ್ಟಿ ಬದಲ ಮಾಡಿ, ಕುಂತು ಪ್ರಾರ್ಥನಿ ಮಾಡಾಕತ್ತಿದ್ದೆ. ಅಮ್ಮಾರು ಎರಡೂ ಕೈ ಎತ್ತಿದ್ರು. ಯೇಸಪ್ಪಾ ಅಂತ ಕರದ್ರು. ಮುಖ ಹಗುರ ಆತು. ಕುಸುಮಕ್ಕಾರು ಬಾಜೂಕ ನಿಂತಿದ್ರು, ಅವರೂ ನೋಡ್ಯಾರ.” ಹೇಳುವಾಗ ಅವಳು ಕುಸುಮಾಳ ಕಡೆ ನೋಡಲಿಲ್ಲ. ಗೋಡೆಯ ಗಡಿಯಾರ ನೋಡುತ್ತಿದ್ದಳು.

“ಎರಡನೆಯ ಸಾಕ್ಷಿ,” ಅಂದರು ಪಾಸ್ಟರ್. ದನಿಯಲ್ಲಿ ಕೋರ್ಟಿನ ಕರೆಯ ಗತ್ತು ಇನ್ನೂ ಉಳಿದಿತ್ತು.

ಕುಸುಮಾ ಎದ್ದಳು. ಇಲ್ಲ ಎಂದರೆ ಗುರವ್ವ ಇಷ್ಟೂ ಜನರ ನಡುವೆ ಆ ಮೈಕು ಬಿಟ್ಟು ನಡೆದುಹೋಗಬೇಕು. ತಾನೂ ಮತ್ತೆ ಈ ಮೆಟ್ಟಿಲು ಹತ್ತುವಂತಿಲ್ಲ. ಹೌದು ಎಂದರೆ ಅಮ್ಮನ ಬಾಯಿಗೆ ತಾನು ಕೇಳದ ಮಾತೊಂದನ್ನು ಇಟ್ಟ ಹಾಗೆ. ನಲವತ್ತು ಮುಖಗಳು ತಿರುಗಿದ್ದವು. ಒಂದು ಮಗು ಬಿಸ್ಕತ್ತಿನ ಕವರು ಹರಿಯುತ್ತಿತ್ತು. ಗುರವ್ವನ ಬೆರಳುಗಳು ಮೈಕಿನ ಮೇಲೆ ಬಿಗಿಯಾಗಿದ್ದವು. ಅಮ್ಮನ ಬೆನ್ನಿನ ಹುಣ್ಣು ದಿನಾ ಒರೆಸಿ ಪುಡಿ ಹಾಕಿದ ಬೆರಳುಗಳು. ಆ ಹುಣ್ಣನ್ನು ಕುಸುಮಾ ಒಂದೇ ಒಂದು ಸಲ ನೋಡಿದ್ದಳು, ಆಮೇಲೆ ನೋಡಲು ಆಗಿರಲಿಲ್ಲ.

“ಹೌದು,” ಅಂದಳು. “ನಾನೂ ಇದ್ದೆ.”

ಆಮೆನ್ ಎಂದು ಹಾಲ್ ತುಂಬ ದನಿ ಎದ್ದಿತು. ಯಾರೋ ಅವಳ ಭುಜ ಒತ್ತಿದರು. ಅವಳು ಕೂತುಕೊಂಡು, ಮುಂದಿನ ಕುರ್ಚಿಯ ಬೆನ್ನಿನ ಮೇಲೆ ಬಣ್ಣದಲ್ಲಿ ಬರೆದಿದ್ದ ಶಾಮಿಯಾನದವನ ಹೆಸರನ್ನು ಓದುತ್ತ ಇದ್ದಳು.

ಊಟ ಮುಗಿಯುವಷ್ಟರಲ್ಲಿ ಬಿಸಿಲು ಏರಿತ್ತು. ಹಿಂದುಗಡೆಯ ಸಣ್ಣ ತಾರಸಿಯಲ್ಲಿ ಗುರವ್ವ ಅನ್ನದ ಪಾತ್ರೆ ಬಗ್ಗಿಸಿ ತಿಕ್ಕುತ್ತಿದ್ದಳು. ಕುಸುಮಾ ಸಾರಿನ ಸೌಟುಗಳನ್ನು ತಂದಿಟ್ಟು, ನಲ್ಲಿಯ ಪಕ್ಕ ಕೂತಳು. ಆಚೆ ಮೈಸೂರು ರಸ್ತೆಯ ಮೇಲೆ ಮೆಟ್ರೊ ಹಾದುಹೋಯಿತು. ಅದರ ಸದ್ದು ಕಳೆದ ಮೇಲೆ ಗುರವ್ವ ತಿಕ್ಕುವುದನ್ನು ನಿಲ್ಲಿಸಿದಳು.

“ಅಕ್ಕಾರ, ಒಂದು ಕೇಳ್ಲಿ? ಸಿಟ್ಟಾಗಬಾರದು.”

“ಕೇಳು.”

“ಅವತ್ತ ಮಧ್ಯಾಹ್ನ ನೀವು ಬಂದಿದ್ರೇನ್ರಿ?”

ಕುಸುಮಾ ನಲ್ಲಿ ತಿರುಗಿಸಿ ಒಂದು ಸೌಟನ್ನು ಅದರ ಕೆಳಗೆ ಹಿಡಿದಳು. ಗುರವ್ವ ತಾನೇ ಮುಂದುವರಿಸಿದಳು.

“ನಂಗ ಖರೇನ ನೆನಪಿದ್ದಿಲ್ರಿ. ಯಾರಿದ್ರು, ಯಾರಿದ್ರು ಅಂತ ಪಾಸ್ಟರ್ ಅಯ್ಯಾರು ಕೇಳಿ ಕೇಳಿ, ನಿಮ್ಮ ಹೆಸರು ಹೇಳಿಬಿಟ್ಟೆ. ಎರಡ ರಾತ್ರಿ ನಿದ್ದಿ ಇಲ್ಲ. ನೀವು ಇಲ್ಲ ಅಂತ ಅಂದ್ರ ಏನ್ ಮಾಡ್ಲಿ, ಊರಿಗೆ ಹೊಂಟು ಹೋಗೂದ ಅನ್ಕೊಂಡಿದ್ದೆ.” ಅವಳು ನಾರು ಹಿಡಿದ ಕೈಯ ಹಿಂಬದಿಯಿಂದ ಮೂಗು ಒರೆಸಿಕೊಂಡಳು. “ಅದಷ್ಟ ಅಲ್ರಿ. ಒಮ್ಮೊಮ್ಮಿ ಅನಸ್ತಿತ್ತು, ಅಮ್ಮಾರು ಕೈ ಎತ್ತಿದ್ದು ಪ್ರಾರ್ಥನಿಗೋ, ಸೊಳ್ಳಿ ಹೊಡ್ಯಾಕೋ ಅಂತ. ಹೇಳ್ತಾ ಹೇಳ್ತಾ ನಾನ ಕಟ್ಟಿದ್ನೋ ಏನೋ ಅಂತ. ನೀವು ಎದ್ದು ಇದ್ದೆ ಅಂದ್ರಿ. ನೀವು ಸುಳ್ಳು ಹೇಳೂ ಮಂದಿ ಅಲ್ಲ. ಹಂಗಾರ ನಾನ ಮರ್ತಿದ್ದೆ ನೋಡ್ರಿ. ಎಲ್ಲಾ ಖರೇನ ಆಗೇತಿ.”

ಅವಳ ಮುಖ ಬಿಸಿಲಿಗೆ ಹೊಳೆಯುತ್ತಿತ್ತು. ಹಾಗೆ ನಿಶ್ಚಿಂತವಾಗಿದ್ದ ಮುಖವನ್ನು ಕುಸುಮಾ ತೀರ ಹತ್ತಿರದಿಂದ ನೋಡಿ ಎಷ್ಟೋ ಕಾಲವಾಗಿತ್ತು. ನಲ್ಲಿಯ ನೀರು ಪಾತ್ರೆ ತುಂಬಿ ಹೊರಗೆ ಹರಿಯಿತು.

“ನಾ ಹೋದ ಮ್ಯಾಲೆ, ರಾತ್ರಿ,” ಗುರವ್ವ ನಲ್ಲಿ ನಿಲ್ಲಿಸಿದಳು. “ಕಡೀಕ ನಿಮ್ಮ ಕೂಡ ಏನಂದ್ರು ಅಮ್ಮಾರು? ನೀವು ಒಮ್ಮಿನೂ ಹೇಳಿಲ್ಲ.”

ಒಳಗಿನಿಂದ ಪಾಸ್ಟರ್ ಕರೆದು, ಟೀ ತಣ್ಣಗಾಗ್ತಿದೆ ಬನ್ನಿ ಅಂದರು. ರೇವಣಸಿದ್ದಪ್ಪ ಏನೋ ಹೇಳಿದ್ದಕ್ಕೆ ನಗು ಕೇಳಿಸಿತು. ತಿಥಿಯ ದಿನ ವೆಂಕಟೇಶನೂ ಇದನ್ನು ಕೇಳಬಹುದು, ಮುಂದೆ ಎಂದಾದರೂ ಪಾಸ್ಟರ್ ಕೂಡ. ಯಾರು ಕೇಳಿದರೂ ಹೇಳುವುದಿಲ್ಲ ಎಂದು ಕುಸುಮಾ ನಿರ್ಧರಿಸಿದಳು. ಅಮ್ಮ ಕರೆದದ್ದೂ, ತಾನು ಅಲ್ಲೇ ಇದ್ದದ್ದೂ, ಬಾಗಿಲ ಕಡೆ ತಿರುಗಿದ ಆ ಕಣ್ಣೂ.

“ಏನೂ ಅನ್ಲಿಲ್ಲ,” ಅಂದಳು. “ನಿದ್ದೇಲೇ ಹೋದ್ರು.”

“ಪುಣ್ಯವಂತರು,” ಅಂದಳು ಗುರವ್ವ. ಆಮೇಲೆ ಕತ್ತು ಬಗ್ಗಿಸಿ ನೋಡಿ, “ಗಲ್ಲಕ್ಕ ಸಾರು ಹತ್ತೇತಿ, ತಡೀರಿ,” ಎಂದು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಸೆರಗಿನ ಒಣ ತುದಿಯಿಂದ ಅವಳ ಕೆನ್ನೆಯನ್ನು ಮೆಲ್ಲಗೆ ಉಜ್ಜಿದಳು. ಕುಸುಮಾ ಕಣ್ಣು ಮುಚ್ಚಿ ಮುಖವನ್ನು ಸ್ವಲ್ಪ ಮುಂದಕ್ಕೆ ಹಿಡಿದಳು.